ಮೂಗಿಗಿಂತ ಮೂಗುತಿ ಭಾರ

ಮುಂಜಾವಿನ ಐದೂವರೆ ಗಂಟೆ. ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ರಾತ್ರಿಯಿಡೀ ಓಡಿ ದಣಿದ ಬಸ್ಸುಗಳು ಒಂದರ ಹಿಂದೊಂದು ಬಂದು ಸೇರುತ್ತಿರುತ್ತವೆ. ಹಾಸನದ ಕಡೆಯ ಬಸ್ಸಿನಿಂದ ವಯಸ್ಸಾದ ತಾಯಿಯೊಬ್ಬರು ಮೆಲ್ಲನೆ ಇಳಿಯುತ್ತಾರೆ. ಒಂದು ಕೈಯಲ್ಲಿ ಅಕ್ಕಿಯ ಚೀಲ, ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಉಪ್ಪಿನಕಾಯಿಯ ಜಾಡಿ. ಮಗಳ ಮನೆ ವಿಜಯನಗರದಲ್ಲಿ. ಅಳಿಯನು ಕಾರು ತೆಗೆದುಕೊಂಡು ಬರುವುದಾಗಿ ರಾತ್ರಿಯೇ ತಿಳಿಸಿದ್ದಾನೆ. ಆದರೆ ಅಳಿಯನು ನಿಲ್ದಾಣವನ್ನು ಆಗಲೇ ಎರಡು ಸುತ್ತು ಬಂದಿದ್ದರೂ ಕಾರು ನಿಲ್ಲಿಸಲು ಅಂಗೈಯಗಲದ ಜಾಗವೂ ಸಿಕ್ಕಿಲ್ಲ. ದೂರವಾಣಿಯಲ್ಲಿ ಅವನ ಧ್ವನಿ ಕೇಳಿಸುತ್ತದೆ: "ಅತ್ತೆ, ಅಲ್ಲೇ ಇರಿ, ಎಲ್ಲೂ ಹೋಗಬೇಡಿ, ಇನ್ನೊಂದು ಸುತ್ತು ಹಾಕಿ ಬರ್ತೀನಿ."

"ನೀವ್ಯಾಕೆ ಇಷ್ಟು ಹೊತ್ತಿಗೆ ತೊಂದರೆ ತಗೊಂಡ್ರಿ? ಸಿಟಿ ಬಸ್ಸು ಎಲ್ಲಿ ನಿಲ್ಲತ್ತೆ ಅಂತ ಹೇಳಿ, ನಾನೇ ಬರ್ತೀನಿ" ಎನ್ನುತ್ತಾರೆ ಆ ತಾಯಿ.

ಅಳಿಯನಿಂದ ಉತ್ತರ ಬರುವುದಿಲ್ಲ. ನಗರದ ಬಸ್ಸು ಎಲ್ಲಿ ನಿಲ್ಲುತ್ತದೆಂಬುದು ಅವನಿಗೂ ಸರಿಯಾಗಿ ತಿಳಿಯದು.

ದಿನವೂ ನಡೆಯುವ ಈ ಚಿಕ್ಕ ಪ್ರಸಂಗದಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಪೇಟೆಯ ನಡುವೆ ಸಾರ್ವಜನಿಕರ ಹಣದಿಂದ ಒಂದು ಹೊಸ ಕಟ್ಟಡ ಏಳಬೇಕೆಂದಾದರೆ ಅದು ಮೊದಲು ಯಾರಿಗಾಗಿ ಏಳಬೇಕು? ಕಾರು ನಿಲ್ಲಿಸಲು ಜಾಗವನ್ನು ಅರಸುವ ಅಳಿಯನಿಗಾಗಿಯೋ, ಜಾಡಿಯನ್ನು ಹಿಡಿದು ಬಸ್ಸನ್ನು ಅರಸುವ ಅತ್ತೆಗಾಗಿಯೋ? "ಇಬ್ಬರಿಗೂ" ಎಂಬುದು ಎಲ್ಲರ ನಾಲಗೆಯ ತುದಿಯಲ್ಲಿರುವ ಉತ್ತರ. ಆದರೆ ನೆಲ ಹಿಗ್ಗುವ ವಸ್ತುವಲ್ಲ. ಒಬ್ಬರಿಗೆ ಕೊಟ್ಟ ಅಡಿಯನ್ನು ಇನ್ನೊಬ್ಬರಿಂದ ಕಳೆಯಲೇಬೇಕು. ಆದುದರಿಂದ ಇಬ್ಬರಲ್ಲಿ ಮೊದಲು ಯಾರು, ಅನಂತರ ಯಾರು ಎಂಬುದು ನಕಾಶೆಯ ಮೊದಲ ಗೆರೆಯನ್ನು ಎಳೆಯುವ ಮುನ್ನವೇ ನಿಶ್ಚಯವಾಗಬೇಕಾದ ಮಾತು.

ಈ ನಿಲ್ದಾಣವಿರುವ ನೆಲದ ಪೂರ್ವಚರಿತ್ರೆಯೇ ಈ ವಿಷಯದಲ್ಲಿ ಒಂದು ಪಾಠವಾಗಬಲ್ಲದು. 16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಧರ್ಮಾಂಬುಧಿ ಕೆರೆ ಇಲ್ಲಿತ್ತು. ಅಂದಿನ ಪೇಟೆಯ ಜನರ ನೀರಿನ ಆಸರೆ ಅದು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಗಳ ಮೂಲಕ ನೀರು ಬರತೊಡಗಿದ ಮೇಲೆ ಕೆರೆಯ ಮೇಲಿನ ಅವಲಂಬನೆ ತಗ್ಗಿತು. ಅವಲಂಬನೆ ತಗ್ಗಿದ ಮೇಲೆ ಆದರವೂ ತಗ್ಗಿತು. ಕೆರೆ ಬತ್ತಿ ಮೈದಾನವಾಯಿತು. ಮೈದಾನವು ಕಾಲಾಂತರದಲ್ಲಿ ಬಸ್ಸುಗಳ ನೆಲೆಯಾಯಿತು. ದಂಡೆಯ ಅಣ್ಣಮ್ಮ ದೇವಿಯ ಗುಡಿ ಇಂದಿಗೂ ಪೂಜೆಗೊಳ್ಳುತ್ತಿದೆ. ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಮಾತ್ರ ಏರಿಯ ನೆನಪನ್ನು ಉಳಿಸಿಕೊಂಡಿದೆ. ಜನರಾದರೋ ಕೆರೆಯ ಹೆಸರನ್ನೂ ಕೆಂಪೇಗೌಡರ ಹೆಸರನ್ನೂ ಬಿಟ್ಟು, ಹತ್ತಿರವಿದ್ದ ಒಂದು ಚಿತ್ರಮಂದಿರದ ಹೆಸರಿನಿಂದ ಇದನ್ನು "ಮೆಜೆಸ್ಟಿಕ್" ಎಂದೇ ಕರೆಯುತ್ತಾರೆ.

ನಗರವು ತನ್ನ ಒಂದು ಕೆರೆಯನ್ನೇ ಈ ಕೆಲಸಕ್ಕೆ ತೆತ್ತಿತು ಎಂಬುದನ್ನು ಮರೆಯಬಾರದು. ಅಷ್ಟು ದೊಡ್ಡ ಇನ್ನೊಂದು ಬಯಲು ಪೇಟೆಯ ನಡುವೆ ಇನ್ನು ಸಿಕ್ಕಲಾರದು. ಇದರ ಎದುರಿಗೆ ಸಂಗೊಳ್ಳಿ ರಾಯಣ್ಣನವರ ಹೆಸರಿನ ರೈಲು ನಿಲ್ದಾಣವಿದೆ. ನೆಲದ ಕೆಳಗೆ 2016ರಲ್ಲಿ ಪೂರ್ವ-ಪಶ್ಚಿಮದ ಮೆಟ್ರೊ, 2017ರಲ್ಲಿ ಉತ್ತರ-ದಕ್ಷಿಣದ ಮೆಟ್ರೊ ಬಂದು ಕೂಡಿಕೊಂಡಿವೆ. ರೈಲು, ಮೆಟ್ರೊ, ಊರೂರಿನ ಬಸ್ಸು, ನಗರದ ಬಸ್ಸು ಈ ನಾಲ್ಕೂ ಕಲೆಯುವ ಸಂಗಮಸ್ಥಾನವಿದು. ಇದನ್ನು ಹೊಸದಾಗಿ ಕಟ್ಟಬೇಕು, ಬಹುಮಹಡಿಯ ಭವನವನ್ನು ಎಬ್ಬಿಸಬೇಕು ಎಂಬ ಮಾತು ಪದೇ ಪದೇ ಕೇಳಿಬಂದಿದೆ. ಇಂತಹ ಮಾತು ಎದ್ದಾಗಲೆಲ್ಲ ಮೊದಲು ಕೇಳಿಬರುವ ಪ್ರಶ್ನೆ ಒಂದೇ: "ಎಷ್ಟು ಕಾರು ಹಿಡಿಯುತ್ತದೆ?"

ಆ ಪ್ರಶ್ನೆಯನ್ನೇ ತೆಗೆದುಕೊಂಡು ಸ್ವಲ್ಪ ಮನೆಲೆಕ್ಕ ಮಾಡಬಹುದು. ಮೆಜೆಸ್ಟಿಕ್ಕಿಗೆ ಅನತಿದೂರದಲ್ಲಿ, ಹಿಂದೆ ಕೇಂದ್ರ ಕಾರಾಗೃಹವಿದ್ದ ಸ್ವಾತಂತ್ರ್ಯ ಉದ್ಯಾನದ ಮಗ್ಗುಲಲ್ಲಿ, ಅಂದಿನ ಮಹಾನಗರ ಪಾಲಿಕೆಯು ಕಟ್ಟಿಸಿದ ಬಹುಮಹಡಿ ವಾಹನ ನಿಲುಗಡೆಯ ಕಟ್ಟಡವು 2024ರಲ್ಲಿ ಬಳಕೆಗೆ ತೆರೆಯಿತು. ಅದು 556 ಕಾರುಗಳಿಗೂ 445 ದ್ವಿಚಕ್ರ ವಾಹನಗಳಿಗೂ ಎಡೆ ಕೊಡಬಲ್ಲ ಕಟ್ಟಡ. ಅಷ್ಟು ಕಾರುಗಳ ಜಾಗ ಬೆಳಗಿನಿಂದ ಸಂಜೆಯವರೆಗೆ 12 ಗಂಟೆಗಳ ಕಾಲ ಪೂರ್ತಿಯಾಗಿ ತುಂಬಿರುತ್ತದೆಂದೂ, ಒಂದೊಂದು ಕಾರು ಸರಾಸರಿ 3 ಗಂಟೆ ನಿಲ್ಲುತ್ತದೆಂದೂ ಭಾವಿಸೋಣ. ಆಗ ಒಂದು ಜಾಗದಲ್ಲಿ ದಿನಕ್ಕೆ 4 ಕಾರು, ಒಟ್ಟಿನಲ್ಲಿ 2,224 ಕಾರು. ಎರಡು ಕಾರಿಗೆ ಮೂರು ಜನರೆಂದು ಹಿಡಿದರೆ 3,336 ಜನ. ಇಡೀ ಕಟ್ಟಡವು, ಎಲ್ಲ ಮಹಡಿಗಳೂ ತುಂಬಿದ ಶುಭದಿನದಲ್ಲಿ, ಕಾರಿನವರಿಗೆ ಸಲ್ಲಿಸಬಹುದಾದ ಸೇವೆ ಇಷ್ಟು.

ಇನ್ನು ಬಸ್ ನಿಲ್ದಾಣದ ಒಂದೇ ಒಂದು ಅಂಕಣವನ್ನು ನೋಡೋಣ. ಐದು ನಿಮಿಷಕ್ಕೊಂದರಂತೆ ಬಸ್ಸು ಬಂದು, ಜನರನ್ನು ಹತ್ತಿಸಿಕೊಂಡು ಹೊರಡುತ್ತದೆ. ಗಂಟೆಗೆ 12 ಬಸ್ಸು. ಅದೇ 12 ಗಂಟೆಗಳಲ್ಲಿ 144 ಬಸ್ಸು. ಒಂದೊಂದು ಬಸ್ಸಿಗೆ 25 ಜನ ಹತ್ತಿದರೂ 3,600 ಜನರಾಯಿತು. ಮಹಡಿಮಹಡಿಯ ಕಟ್ಟಡದ ಕಾರಿನವರೆಲ್ಲರಿಗೂ ಒಂದು ಅಂಕಣದ ಪ್ರಯಾಣಿಕರು ಸರಿದೂಗಿ, ಮೇಲೆ ಇನ್ನೂ ಇನ್ನೂರೈವತ್ತಕ್ಕಿಂತ ಹೆಚ್ಚು ಜನ ಉಳಿಯುತ್ತಾರೆ. ಈ ಲೆಕ್ಕದ ಅಂಕಿಗಳು ಅಂದಾಜಿನವು. ಅವನ್ನು ಸ್ವಲ್ಪ ಅತ್ತಿತ್ತ ಜಗ್ಗಬಹುದು. ಆದರೆ ಎಷ್ಟು ಜಗ್ಗಿದರೂ ತಕ್ಕಡಿಯ ತಟ್ಟೆ ಬಸ್ಸಿನ ಕಡೆಗೇ ಬಾಗುವುದು ತಪ್ಪುವುದಿಲ್ಲ.

ಕಾರಣ ಸರಳವಾಗಿದೆ. ಬಸ್ಸು ನಿಲ್ದಾಣಕ್ಕೆ ಬರುವುದು ಹೊರಡುವುದಕ್ಕಾಗಿ. ಕಾರು ಬರುವುದು ನಿಲ್ಲುವುದಕ್ಕಾಗಿ. ಒಂದು ಕಾರು ನಿಲ್ಲಲು ಎರಡೂವರೆ ಮೀಟರು ಅಗಲ, ಐದು ಮೀಟರು ಉದ್ದದ ಜಾಗ ಸಾಕೆನ್ನಿಸುತ್ತದೆ. ಆದರೆ ಅದು ಒಳಬರುವ, ತಿರುಗುವ, ಮೇಲೇರುವ ದಾರಿಗಳನ್ನೂ ಸೇರಿಸಿದರೆ ಅದರ ಎರಡರಷ್ಟು ಅಥವಾ ಅದಕ್ಕೂ ಹೆಚ್ಚು, ಎಂದರೆ ಹತ್ತಿರ ಹತ್ತಿರ 300 ಚದರ ಅಡಿ ಬೇಕಾಗುತ್ತದೆ. ನಮ್ಮ ನಗರಗಳಲ್ಲಿ ಚಿಕ್ಕ ಸಂಸಾರವೊಂದು ಒಂದು ಕೋಣೆ, ಒಂದು ಅಡುಗೆಮನೆಯನ್ನು ಬಾಡಿಗೆಗೆ ಹಿಡಿದು ಬಾಳುವೆ ನಡೆಸುವುದು ಅಷ್ಟೇ ಜಾಗದಲ್ಲಿ. ಜನರು ಜೀವಮಾನದ ಉಳಿತಾಯವನ್ನು ಸುರಿದು ಕೊಳ್ಳುವ ಮೂವತ್ತು-ನಲವತ್ತರ ನಿವೇಶನದಲ್ಲಿ ಹಾಗೆ ನಿಲ್ಲಬಹುದಾದ ಕಾರುಗಳು ನಾಲ್ಕು. ಅದೇ ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಸ್ಕೂಟರುಗಳನ್ನು ನಿಲ್ಲಿಸಬಹುದು. ನಗರದ ವಾಹನಗಳಲ್ಲಿ ಹೆಚ್ಚಿನವು ದ್ವಿಚಕ್ರದವೇ ಆಗಿರುವಾಗ ಈ ಮಾತನ್ನೂ ನಕಾಶೆಯವರು ಗಮನಿಸಬೇಕಾಗುತ್ತದೆ.

ಪೇಟೆಯ ನಡುವಿನ ಬಸ್ ನಿಲ್ದಾಣಕ್ಕೆ ಕಾರಿನ ಮಹಡಿಗಳನ್ನು ಜೋಡಿಸುತ್ತ ಹೋಗಿ, ಕೊನೆಗೆ ಬಸ್ಸುಗಳನ್ನೇ ಮೂಲೆಗೆ ಒತ್ತಿದರೆ ಅದು ಮೂಗಿಗಿಂತ ಮೂಗುತಿ ಭಾರವಾದಂತೆ. ಮೂಗುತಿ ಬೇಡವೆಂದು ಯಾರೂ ಹೇಳಲಾರರು. ಆದರೆ ಮೂಗನ್ನು ನೋಡಿ ಮೂಗುತಿಯನ್ನು ಮಾಡಿಸಬೇಕು.

ಬೆಂಗಳೂರಿಗೆ ಈ ಪ್ರಯೋಗ ಹೊಸದಲ್ಲ. 2005ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಜವಾಹರಲಾಲ್ ನೆಹರು ರಾಷ್ಟ್ರೀಯ ನಗರ ನವೀಕರಣ ಯೋಜನೆಯ ನೆರವಿನಿಂದ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯು ಜಯನಗರ, ಶಾಂತಿನಗರ, ಕೋರಮಂಗಲ, ದೊಮ್ಮಲೂರು, ವಿಜಯನಗರ, ಬನಶಂಕರಿ, ಯಶವಂತಪುರ, ಕೆಂಗೇರಿ ಮೊದಲಾದೆಡೆಗಳಲ್ಲಿ ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು ಕಟ್ಟಿಸಿತು. ಜನರ ಬಾಯಲ್ಲಿ ಅವು ಟಿ.ಟಿ.ಎಂ.ಸಿ.ಗಳು. ಬಸ್ಸಿನ ಅಂಕಣಗಳು, ಖಾಸಗಿ ವಾಹನಗಳ ನಿಲುಗಡೆ, ಮೇಲೆ ಕಛೇರಿಗಳು ಮತ್ತು ಮಳಿಗೆಗಳು, ಇವೆಲ್ಲ ಒಂದೇ ಸೂರಿನಡಿ. ಜನರು ತಮ್ಮ ವಾಹನವನ್ನು ಅಲ್ಲಿ ಬಿಟ್ಟು ಬಸ್ಸು ಹಿಡಿದು ಮುಂದೆ ಹೋಗಲಿ, ಮಳಿಗೆಯ ಬಾಡಿಗೆಯಿಂದ ಸಂಸ್ಥೆಯ ಬೊಕ್ಕಸಕ್ಕೆ ನೆರವಾಗಲಿ ಎಂಬುದು ಆಶಯ. ಆಶಯ ಒಳ್ಳೆಯದೇ. ಆದರೆ "ವಾಹನ ಬಿಟ್ಟು ಬಸ್ಸು ಹತ್ತಿ" ಎಂಬ ಉಪಾಯವು ಎಲ್ಲ ಸ್ಥಳಗಳಲ್ಲಿಯೂ ಒಂದೇ ಬಗೆಯ ಫಲವನ್ನು ಕೊಡುವುದಿಲ್ಲ.

ಕೆಂಗೇರಿಯಲ್ಲಿ ಅದಕ್ಕೆ ಅರ್ಥವಿದೆ. ಬಿಡದಿಯ ಕಡೆಯಿಂದ ಬರುವವನು ಅಲ್ಲಿ ತನ್ನ ಸ್ಕೂಟರನ್ನು ನಿಲ್ಲಿಸಿ ಬಸ್ಸನ್ನೋ ಮೆಟ್ರೊವನ್ನೋ ಹತ್ತಿದರೆ ಮುಂದಿನ ಹತ್ತು-ಹದಿನೈದು ಕಿಲೋಮೀಟರಿನ ರಸ್ತೆಗೆ ಒಂದು ವಾಹನದ ಭಾರ ತಪ್ಪುತ್ತದೆ. ಆದರೆ ಅದೇ ಮನುಷ್ಯನು ಮೈಸೂರು ರಸ್ತೆಯ ಉದ್ದಕ್ಕೂ ಕಾರು ನಡೆಸಿಕೊಂಡು, ಹೊಗೆಯುಗುಳುತ್ತ, ತಾನೂ ಬೈಯುತ್ತ, ಬೈಗುಳನ್ನೂ ಕೇಳುತ್ತ ಮೆಜೆಸ್ಟಿಕ್ಕಿಗೆ ಬಂದು ತಲುಪಿದ ಮೇಲೆ ಬಸ್ಸು ಹತ್ತುವುದೇತಕ್ಕೆ? ಕಾರಿನ ಉಪದ್ರವವೆಲ್ಲ ಆಗಲೇ ನಡೆದುಹೋಗಿದೆ. ಕಾರನ್ನು ಬಿಟ್ಟು ಬರುವ ಜಾಗ ಊರ ಬಾಗಿಲಲ್ಲಿರಬೇಕೇ ಹೊರತು ದೇವರ ಮನೆಯಲ್ಲಲ್ಲ. ಪೇಟೆಯ ನಡುವೆ ಉದಾರವಾಗಿ ಕಟ್ಟಿದ ನಿಲುಗಡೆಯು ಇರುವ ಕಾರುಗಳಿಗೆ ಜಾಗ ಕೊಡುವುದಷ್ಟೇ ಅಲ್ಲ, ಮನೆಯಲ್ಲಿದ್ದ ಕಾರುಗಳನ್ನೂ "ಬನ್ನಿ, ಜಾಗವಿದೆ" ಎಂದು ಕೈಬೀಸಿ ಕರೆಯುತ್ತದೆ. ಅವೆಲ್ಲವೂ ಅದೇ ಇಕ್ಕಟ್ಟಾದ ರಸ್ತೆಗಳಲ್ಲಿಯೇ ಬಂದು ಹೋಗಬೇಕು. ಅವುಗಳ ಹಿಂದೆ ಸಿಕ್ಕಿಬಿದ್ದು ತಡವಾಗುವುದು ಬಸ್ಸಿನಲ್ಲಿರುವ ಐವತ್ತು ಜನರಿಗೆ.

2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸಾಗಿಸಬೇಕಾದುದು ವಾಹನಗಳನ್ನಲ್ಲ, ಮನುಷ್ಯರನ್ನು ಎಂಬ ತತ್ತ್ವವನ್ನು ಎತ್ತಿ ಹಿಡಿಯಿತು. ನಗರದ ನೆಲ ಬೆಲೆಯುಳ್ಳದ್ದು. ಆದುದರಿಂದ ನಿಲುಗಡೆಯ ಶುಲ್ಕವು ಆ ನೆಲದ ಬೆಲೆಗೆ ತಕ್ಕಂತಿರಬೇಕು ಎಂದೂ ಅದು ಹೇಳಿತು. ಬೆಂಗಳೂರಿಗೆ ರಚಿತವಾದ ಹೊಸ ನಿಲುಗಡೆ ನೀತಿಗೆ 2021ರಲ್ಲಿ ರಾಜ್ಯ ಸರ್ಕಾರದ ಒಪ್ಪಿಗೆ ದೊರೆಯಿತು. ರಸ್ತೆ ಬದಿಯ ಬಿಟ್ಟಿ ನಿಲುಗಡೆಯನ್ನು ಶುಲ್ಕದ ಕಟ್ಟಿಗೆ ಒಳಪಡಿಸಿ, ಪ್ರದೇಶ ಪ್ರದೇಶಕ್ಕೂ ಬೇರೆಬೇರೆ ಯೋಜನೆಯನ್ನು ಮಾಡಬೇಕೆಂಬುದು ಅದರ ಸಾರ. ಕಾಗದದ ಮೇಲೆ ವಿವೇಕಕ್ಕೆ ಕೊರತೆಯೇನೂ ಇಲ್ಲ.

ವಿವೇಕವು ನೆಲಕ್ಕಿಳಿಯದಿದ್ದರೆ ಏನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದು ಬೀದಿಯಲ್ಲಿ ಕಾಸು ಕೊಟ್ಟು ನಿಲ್ಲಿಸಬೇಕಾದ ಭವ್ಯ ಕಟ್ಟಡವಿದೆ. ಅದರ ಹಿಂದಿನ ಬೀದಿಯಲ್ಲಿ ಕಾಸಿಲ್ಲದೆ ನಿಲ್ಲಿಸಬಹುದಾದ ಕಾಲುದಾರಿಯಿದೆ. ಜಾಣನಾದ ಗೃಹಸ್ಥನು ಎಲ್ಲಿ ನಿಲ್ಲಿಸುವನು? ಕಟ್ಟಡವು ಖಾಲಿ ಉಳಿಯುತ್ತದೆ. ಕಾಲುದಾರಿಯು ತುಂಬಿಹೋಗಿ, ನಡೆಯುವವರು ನಡುರಸ್ತೆಗೆ ಇಳಿಯುತ್ತಾರೆ. ಆಮೇಲೆ ಅಧಿಕಾರಿಗಳು "ಜನರಿಗೆ ಶಿಸ್ತಿಲ್ಲ" ಎನ್ನುತ್ತಾರೆ, ಜನರು "ಕಟ್ಟಡ ದಂಡ" ಎನ್ನುತ್ತಾರೆ. ಬೀದಿಯ ದರವು ಕಟ್ಟಡದ ದರಕ್ಕಿಂತ ಹೆಚ್ಚಾಗಿರಬೇಕು, ಮತ್ತು ಆ ದರವನ್ನು ತಪ್ಪದೆ ವಸೂಲು ಮಾಡಬೇಕು. ಆಗ ಮಾತ್ರ ವಾಹನವು ಬೀದಿಯನ್ನು ಬಿಟ್ಟು ಕಟ್ಟಡದ ಒಳಗೆ ಹೋಗುತ್ತದೆ. ಅಮೆರಿಕದ ವಿದ್ವಾಂಸ ಡೊನಾಲ್ಡ್ ಶೂಪ್ 2005ರಲ್ಲಿ ಬಿಟ್ಟಿ ನಿಲುಗಡೆಯ ದುಬಾರಿತನವನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಬರೆದರು. ಕಾರಿನವನು ಕೊಡದ ಬಾಡಿಗೆಯನ್ನು ಊರಿನ ಉಳಿದವರೆಲ್ಲರೂ ಬೇರೆ ಬೇರೆ ರೂಪದಲ್ಲಿ ಕೊಡುತ್ತಿರುತ್ತಾರೆ, ಕಾರಿಲ್ಲದವರು ಕೂಡ, ಎಂಬುದು ಅವರ ವಾದದ ತಿರುಳು. ಜಪಾನಿನಲ್ಲಿ 1962ರಷ್ಟು ಹಿಂದೆಯೇ ಒಂದು ಕಾಯಿದೆಯಾಯಿತು. ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನಗೆ ಸ್ವಂತದ್ದೋ ಬಾಡಿಗೆಯದೋ ಒಂದು ಜಾಗವಿದೆಯೆಂದು ರುಜುವಾತು ಮಾಡಬೇಕು. ಮಗಳಿಗೆ ಗಂಡು ನೋಡುವಾಗ "ವಾಸಕ್ಕೆ ಮನೆಯಿದೆಯೇ?" ಎಂದು ಕೇಳುವ ನಮ್ಮ ಜನರಿಗೆ ಈ ಕಾಯಿದೆಯ ನ್ಯಾಯ ಅರ್ಥವಾಗದಿರಲಾರದು.

ಹಾಗಾದರೆ ಪೇಟೆಯ ನಡುವೆ ಕಾರಿಗೆ ಜಾಗವೇ ಬೇಡವೆ? ಬೇಕು. ಕಾಲಿಲ್ಲದವರಿದ್ದಾರೆ, ಕಾಯಿಲೆಯವರಿದ್ದಾರೆ, ತುಂಬು ಗರ್ಭಿಣಿಯರಿದ್ದಾರೆ, ಮಗುವನ್ನೂ ಸಾಮಾನನ್ನೂ ಒಟ್ಟಿಗೆ ಹೊತ್ತು ಬರುವವರಿದ್ದಾರೆ. ಅವರಿಗಾಗಿ ಬಾಗಿಲಿಗೆ ಅತ್ಯಂತ ಹತ್ತಿರದ ಜಾಗಗಳನ್ನು ಮೀಸಲಿಡಬೇಕು. ಗಾಂಧಿನಗರದ, ಚಿಕ್ಕಪೇಟೆಯ ವರ್ತಕರ ಆತಂಕವನ್ನೂ ತಳ್ಳಿಹಾಕುವಂತಿಲ್ಲ. ಅವರಿಗೆ ಸರಕು ಇಳಿಸುವ ಗೊತ್ತಾದ ಹೊತ್ತು, ಗೊತ್ತಾದ ಸ್ಥಳ ಬೇಕು. ಇನ್ನು ಅತ್ತೆಯನ್ನು ಕರೆದೊಯ್ಯಲು ಬಂದ ಅಳಿಯನ ಸಂಗತಿ. ಅವನಿಗೆ ಬೇಕಾದುದು ಮೂರು ಗಂಟೆಯ ನಿಲುಗಡೆಯಲ್ಲ, ಐದು ನಿಮಿಷದ ತಂಗುವಿಕೆ. ಇಳಿಸಿ ಹತ್ತಿಸಿಕೊಂಡು ಹೋಗುವವರಿಗೆ ಒಂದು ಉದ್ದನೆಯ ಪಟ್ಟಿ, ಅದರ ಮಗ್ಗುಲಲ್ಲಿ ಆಟೋರಿಕ್ಷಾಗಳ ಸಾಲು ಇದ್ದರೆ ನಿಲ್ದಾಣವನ್ನು ಸುಮ್ಮನೆ ಸುತ್ತುವ ವಾಹನಗಳಲ್ಲಿ ಎಷ್ಟೋ ಕಡಿಮೆಯಾಗುತ್ತವೆ. ನಕಾಶೆಗಳಲ್ಲಿ ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಈ ಅಗ್ಗದ ಏರ್ಪಾಡೇ.

ಬಸ್ ನಿಲ್ದಾಣದ ಒಳಗಿನ ವ್ಯವಸ್ಥೆಗೂ ಒಂದು ಶಾಸ್ತ್ರವಿದೆ. ಅದರ ಮೊದಲ ಸೂತ್ರ: ಬಸ್ಸು ಅಂಕಣದಲ್ಲಿ ವಿಶ್ರಾಂತಿ ಪಡೆಯಬಾರದು. ಹಿಂದಿನ ಲೆಕ್ಕದಲ್ಲಿ ಒಂದು ಅಂಕಣ 3,600 ಜನರಿಗೆ ಸಾಲುವುದು ಬಸ್ಸು ಐದು ನಿಮಿಷದಲ್ಲಿ ಹೊರಟರೆ ಮಾತ್ರ. ಚಾಲಕನೂ ನಿರ್ವಾಹಕನೂ ಕಾಫಿಗೆ ಹೋಗಿ, ಬಸ್ಸು ಹದಿನೈದು ನಿಮಿಷ ಅಲ್ಲಿಯೇ ನಿಂತರೆ ಅದೇ ಅಂಕಣವು 1,200 ಜನರಿಗಷ್ಟೇ ಆಗುತ್ತದೆ. ಉಳಿದವರಿಗಾಗಿ ಇನ್ನೆರಡು ಅಂಕಣಗಳನ್ನು ಕಟ್ಟಬೇಕು. ಚಾಲಕ-ನಿರ್ವಾಹಕರಿಗೆ ವಿರಾಮ ಬೇಡವೆಂದಲ್ಲ. ಅವರ ದುಡಿಮೆ ಕಠಿಣವಾದುದು, ಅವರಿಗೆ ನೆರಳು, ನೀರು, ಶೌಚಾಲಯ, ಕಾಫಿ ಎಲ್ಲವೂ ಸಲ್ಲಬೇಕು. ಆದರೆ ವಿರಾಮದ ಬಸ್ಸು ನಿಲ್ಲುವ ಸ್ಥಳ ಬೇರೆ, ಜನ ಹತ್ತುವ ಸ್ಥಳ ಬೇರೆ ಎಂದು ಮೊದಲೇ ವಿಂಗಡಿಸಬೇಕು. ವಿದ್ಯುತ್ ಬಸ್ಸುಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಅವುಗಳಿಗೆ ವಿದ್ಯುತ್ತು ತುಂಬುವ ಏರ್ಪಾಡಿಗೂ ಆ ವಿರಾಮದ ಸ್ಥಳದಲ್ಲಿಯೇ ಎಡೆಯಿರಬೇಕು.

ಎರಡನೆಯ ಸೂತ್ರ: ಕಾರಿನ ದಾರಿಯೂ ಬಸ್ಸಿನ ದಾರಿಯೂ ಒಂದನ್ನೊಂದು ಕತ್ತರಿಸಬಾರದು. ಚೀಟಿ ಕೊಟ್ಟು ಕಾರನ್ನು ಒಳಗೆ ಬಿಡುವ ಅಡ್ಡಗಂಬವನ್ನು ಬೀದಿಯ ಅಂಚಿನಲ್ಲಿಯೇ ನೆಟ್ಟರೆ, ಕಾಯುವ ಕಾರುಗಳ ಸಾಲು ಬೀದಿಗೆ ಚಾಚಿಕೊಂಡು ಹಿಂದಿನಿಂದ ಬರುವ ಬಸ್ಸುಗಳನ್ನೆಲ್ಲ ತಡೆಯುತ್ತದೆ. ಆ ಗಂಬವನ್ನು ಕೆಲವು ಕಾರುಗಳ ಉದ್ದದಷ್ಟು ಒಳಗೆ ಸರಿಸಿದರೆ ಸಾಲು ಅಂಗಳದೊಳಗೇ ಉಳಿಯುತ್ತದೆ. ಖರ್ಚಿಲ್ಲದ ತಿದ್ದುಪಡಿಯಿದು, ಆದರೆ ನಕಾಶೆಯಲ್ಲಿ ಮಾಡಿದರೆ ಮಾತ್ರ ಖರ್ಚಿಲ್ಲ, ಕಾಂಕ್ರೀಟು ಬಿದ್ದ ಮೇಲೆ ಮಾಡಿದರೆ ಲಕ್ಷಗಳು ಬೇಕು.

ಮೂರನೆಯದು ನಡೆಯುವವರ ದಾರಿ. ಬಸ್ಸಿನಿಂದ ಇಳಿದವರನ್ನು ಮಹಡಿ ಹತ್ತಿಸಿ, ಸೇತುವೆ ದಾಟಿಸಿ, ಮತ್ತೆ ಮೆಟ್ಟಿಲಿಳಿಸಿ ಎದುರಿನ ರೈಲಿಗೆ ಕಳುಹಿಸುವುದು ವಾಹನಗಳಿಗೆ ಅನುಕೂಲ, ಮಂಡಿನೋವಿನವರಿಗೆ ಶಿಕ್ಷೆ. ಸಾಧ್ಯವಾದಷ್ಟೂ ಮನುಷ್ಯರು ಸಮನೆಲದಲ್ಲಿ ನಡೆಯಬೇಕು. ಏರುವ ಇಳಿಯುವ ಕಷ್ಟವು ಎಂಜಿನ್ ಉಳ್ಳ ವಾಹನಗಳಿಗಿರಲಿ. ಮೇಲೇರುವುದು ಅನಿವಾರ್ಯವಾದಲ್ಲಿ ಕೆಲಸ ಮಾಡುವ ಲಿಫ್ಟು ಬೇಕು, ಗಾಲಿಕುರ್ಚಿ ಹೋಗಬಲ್ಲ ಇಳಿಜಾರು ಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಬಳಿಕ ಇದು ಕೇವಲ ದಯೆಯ ಮಾತಾಗಿ ಉಳಿದಿಲ್ಲ. ಮಳೆಯಲ್ಲಿ ನೆನೆಯದೆ ಒಂದು ಸಾರಿಗೆಯಿಂದ ಇನ್ನೊಂದಕ್ಕೆ ಹೋಗುವಂತಿರಬೇಕು. ಶುಚಿಯಾದ ಶೌಚಾಲಯ, ಮಗುವಿಗೆ ಹಾಲೂಡಿಸಲು ಮರೆ, ರಾತ್ರಿ ಹನ್ನೊಂದಕ್ಕೂ ಹೆಣ್ಣುಮಗಳು ಅಂಜದೆ ನಿಲ್ಲಬಹುದಾದಷ್ಟು ಬೆಳಕು ಇರಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಬಸ್ಸಿನ ಬಾಗಿಲು ಅವರಿಗೆ ತೆರೆದ ಮೇಲೆ ನಿಲ್ದಾಣವೂ ಅವರ ಗೌರವಕ್ಕೆ ತಕ್ಕಂತಿರಬೇಕಲ್ಲವೇ? ಯಾವ ಬಸ್ಸು ಯಾವ ಅಂಕಣದಲ್ಲಿ ನಿಲ್ಲುವುದೆಂಬುದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ, ಕಣ್ಣಿನ ಮಟ್ಟದಲ್ಲಿ ಬರೆಯಿಸುವ ಖರ್ಚಂತೂ ಯಾವ ಅಂದಾಜುಪಟ್ಟಿಗೂ ಭಾರವಾಗಲಾರದು.

ನಾಲ್ಕನೆಯದನ್ನು ನೆಲವೇ ಹೇಳಿಕೊಡುತ್ತದೆ. ಕೆರೆಯಿದ್ದ ಜಾಗ ತಗ್ಗಿನದು. ಹತ್ತು ನಿಮಿಷ ಜಡಿಮಳೆ ಸುರಿದರೆ ನೀರು ಹರಿದುಬರುವುದು ತಗ್ಗಿಗೇ. ಅಂತಹಲ್ಲಿ ಕಾರುಗಳಿಗಾಗಿ ನೆಲಮಾಳಿಗೆಯ ಕೆಳಗೊಂದು ನೆಲಮಾಳಿಗೆಯನ್ನು ತೋಡುವವರು ಹಗಲಿರುಳು ನೀರೆತ್ತುವ ಪಂಪುಗಳ ಖರ್ಚನ್ನೂ, ಅವು ಕೆಟ್ಟ ದಿನದ ಅನಾಹುತವನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಪ್ರಶ್ನೆಯನ್ನು ಕೇಳುವವರೇ ವಿರಳ. ಹೊಸದನ್ನು ಕಟ್ಟುವ ವರ್ಷಗಳಲ್ಲಿ ಹಳೆಯ ನಿಲ್ದಾಣದ ಜನರು ಎಲ್ಲಿಗೆ ಹೋಗಬೇಕು? ನ್ಯೂಯಾರ್ಕ್ ನಗರದ ಹೃದಯಭಾಗದಲ್ಲಿ 1950ರಲ್ಲಿ ತೆರೆದ ಬೃಹತ್ ಬಸ್ ನಿಲ್ದಾಣವೊಂದಿದೆ. ಅದನ್ನು ಕೆಡವಿ ಹೊಸದಾಗಿ ಕಟ್ಟುವ ಕಾರ್ಯಕ್ಕೆ 2025ರಲ್ಲಿ ಚಾಲನೆ ದೊರೆಯಿತು. ಅಲ್ಲಿಯವರು ಮೊದಲು ಕೈಹಾಕಿದುದು ಮುಖ್ಯ ಭವನಕ್ಕಲ್ಲ, ಬಸ್ಸುಗಳು ತಂಗುವ ಒಂದು ಪಕ್ಕದ ಕಟ್ಟಡಕ್ಕೆ. ಹಳೆಯದನ್ನು ಕೆಡವುವಾಗ ಅದು ತಾತ್ಕಾಲಿಕ ನಿಲ್ದಾಣವಾಗುತ್ತದೆ. ಕೆಲಸ ಮುಗಿದ ಮೇಲೆ ಬಸ್ಸುಗಳ ವಿಶ್ರಾಂತಿಸ್ಥಾನವಾಗುತ್ತದೆ. ಮನೆಯನ್ನು ಕೆಡವಿ ಕಟ್ಟಿಸುವ ಸಂಸಾರಸ್ಥನು ಮೊದಲು ಬಾಡಿಗೆ ಮನೆಯನ್ನು ಗೊತ್ತುಮಾಡಿಕೊಂಡು ಆಮೇಲೆ ಗುದ್ದಲಿಪೂಜೆ ಮಾಡುತ್ತಾನೆ. ಊರಿನ ಕೆಲಸದಲ್ಲಿಯೂ ಆ ವಿವೇಕವೇ ಸಾಕು.

ಹಣದ ಮಾತು ಉಳಿಯಿತು. ಸರ್ಕಾರದ ಬಳಿ ಹಣವಿಲ್ಲದಿರುವಾಗ ಖಾಸಗಿಯವರಿಂದ ಕಟ್ಟಿಸಿ, ಮಳಿಗೆಗಳನ್ನು ಬಾಡಿಗೆಗೆ ಕೊಡುವುದು ರೂಢಿ. ಅದು ತಪ್ಪಲ್ಲ. ಕಾಯುವ ಪ್ರಯಾಣಿಕನಿಗೆ ಒಂದು ತಿಂಡಿಯ ಅಂಗಡಿ, ಒಂದು ಔಷಧಿಯ ಅಂಗಡಿ, ಒಂದು ಪುಸ್ತಕದ ಅಂಗಡಿ ಇದ್ದರೆ ಹಿತವೇ. ಆದರೆ ಬಂಡವಾಳ ಹೂಡಿದವನಿಗೆ ಬಸ್ಸಿನವರಿಗಿಂತ ಕಾರಿನ ಗಿರಾಕಿ ಪ್ರಿಯ. ಅವನು ಕಾರುಗಳಿಗೆ ಇನ್ನೊಂದು ಮಹಡಿಯನ್ನು ಕೇಳುತ್ತಾನೆ. ಕಾರಿನವರ ದಾರಿಗಾಗಿ ಅಂಕಣಗಳಲ್ಲಿ ನಾಲ್ಕನ್ನು ಕಡಿಮೆ ಮಾಡೆನ್ನುತ್ತಾನೆ. ಒಪ್ಪಂದದ ಕಾಗದವು ಮೂವತ್ತು ವರ್ಷಗಳಿಗಾಗುತ್ತದೆ, ಕಟ್ಟಡವು ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಇಂದು ಬಿಟ್ಟುಕೊಟ್ಟ ನಾಲ್ಕು ಅಂಕಣಗಳನ್ನು ಇಂದಿನ ಶಾಲಾಬಾಲಕಿಯು ಅಜ್ಜಿಯಾಗುವ ತನಕ ಮರಳಿ ಪಡೆಯಲಾಗದು. ಆದುದರಿಂದ ಅಂಕಣಗಳೆಷ್ಟು, ನಡೆಯುವ ದಾರಿಯ ಅಗಲವೆಷ್ಟು ಎಂಬುದನ್ನು ಮೊದಲು ಬರೆದು, ಮೊಹರು ಒತ್ತಿ, ಉಳಿದ ಜಾಗವನ್ನು ಮಾತ್ರ ವ್ಯಾಪಾರಕ್ಕೆ ಕೊಡಬೇಕು.

ಈ ವಿಷಯಗಳೆಲ್ಲ ಎಂಜಿನಿಯರರಿಗೂ ಮಂತ್ರಿಗಳಿಗೂ ಸೇರಿದವೆಂದು ಗೃಹಸ್ಥರು ಸುಮ್ಮನಿರುವುದುಂಟು. ಹಾಗಿರಬೇಕಾದ ಕಾರಣವಿಲ್ಲ. ನಿಮ್ಮ ಊರಿನಲ್ಲಿಯೂ, ಅದು ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಮಂಗಳೂರಾಗಲಿ, ನಾಳೆ ಇಂತಹದೊಂದು ಯೋಜನೆ ಬರಬಹುದು. ಬಣ್ಣದ ಚಿತ್ರವೊಂದು ಪತ್ರಿಕೆಯಲ್ಲಿ ಅಚ್ಚಾಗಬಹುದು. ಅದರಲ್ಲಿ ಗಾಜಿನ ಗೋಡೆ, ಹಸಿರು ಗಿಡ, ಹೊಳೆಯುವ ಕಾರುಗಳು ಇರುತ್ತವೆ. ಗಂಟುಮೂಟೆ ಹೊತ್ತವರು ಮಾತ್ರ ಇರುವುದಿಲ್ಲ. ಆಗ "ಎಷ್ಟು ಕಾರು ಹಿಡಿಯುತ್ತದೆ?" ಎಂಬ ಪ್ರಶ್ನೆಯನ್ನು ಬದಿಗಿಟ್ಟು ಬೇರೆ ಕೆಲವನ್ನು ಕೇಳಿ ನೋಡಬಹುದು. ಒಂದು ಗಂಟೆಗೆ ಎಷ್ಟು ಜನ ಇಲ್ಲಿಂದ ಹೊರಡಬಲ್ಲರು? ಊರ ಬಸ್ಸಿನಿಂದ ನಗರದ ಬಸ್ಸಿಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು? ಸುತ್ತಲ ಬೀದಿಗಳಲ್ಲಿ ಬಿಟ್ಟಿ ನಿಲುಗಡೆ ನಿಲ್ಲುವುದೇ? ಕಟ್ಟುವ ಕಾಲದಲ್ಲಿ ಜನರ ಪಾಡೇನು? ಕಟ್ಟಡದ ಅಂದಚೆಂದವನ್ನು ಕುರಿತ ಚರ್ಚೆ ಆಮೇಲೆ ಆಗಬಹುದು.

ಇಷ್ಟು ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಬೆಳಕು ಹರಿದಿದೆ. ಅಳಿಯನ ಮೂರನೆಯ ಸುತ್ತೂ ಮುಗಿಯಿತು. ಆ ತಾಯಿ ಒಬ್ಬ ನಿರ್ವಾಹಕನನ್ನು ಕೇಳಿ, ಇಬ್ಬರು ಕಾಲೇಜು ಹುಡುಗಿಯರಿಂದ ಚೀಲವನ್ನು ಹೊರಿಸಿಕೊಂಡು, ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ಇಳಿದು, ಕಡೆಗೂ ವಿಜಯನಗರದ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತಿದ್ದಾರೆ. ಜಾಡಿ ಭದ್ರವಾಗಿದೆ. ಬಸ್ಸು ಹೊರಡುತ್ತಲೂ ಅಳಿಯನಿಗೆ ದೂರವಾಣಿ ಮಾಡಿ, "ನೀವು ಮನೆಗೆ ಹೋಗಿಬಿಡಿ, ನಾನು ನಿಮಗಿಂತ ಮೊದಲೇ ತಲುಪ್ತೀನೇನೋ" ಎಂದರು.

ಅವರು ಹೇಳಿದಂತೆಯೇ ಆಯಿತು. ಅಳಿಯನು ಕಾರನ್ನು ಮನೆಯ ಮುಂದೆ ನಿಲ್ಲಿಸಲು ಹೋದಾಗ ಅಲ್ಲಿ ಪಕ್ಕದ ಮನೆಯವರ ಕಾರು ನಿಂತಿತ್ತು. ಅವನು ಬೇರೆ ಜಾಗ ಹುಡುಕಿ ಒಳಗೆ ಬರುವಷ್ಟರಲ್ಲಿ ಅತ್ತೆ ಕಾಲು ತೊಳೆದುಕೊಂಡು ಕಾಫಿ ಕುಡಿಯುತ್ತಿದ್ದರು.